ಹಳೆಯ ಜೀಪು, ಹೊಸ ಹೊರೆ: ಕತ್ತರಿಸುವ ಮುನ್ನ ತೂಗಿ ನೋಡಿ

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಬೆಳೆ ಬೆಳೆಯುವುದರ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಬೆಳೆದದ್ದನ್ನು ಹೊಲದಿಂದ ಮನೆಗೆ, ಮನೆಯಿಂದ ಮಾರುಕಟ್ಟೆಗೆ ಸಾಗಿಸುವುದರ ಬಗ್ಗೆ ಆಡುವ ಮಾತು ಕಡಿಮೆ. ಈ ನಾಲ್ಕು ತಾಲ್ಲೂಕುಗಳ ನೆಲ ಸಮತಟ್ಟಲ್ಲ. ಕಲ್ಲುಗುಡ್ಡ, ಹಳ್ಳ, ಕೆರೆಯಂಗಳ, ಏರಿಳಿತದ ಬಂಡಿದಾರಿ, ಇವುಗಳ ನಡುವೆ ನಮ್ಮ ಹಿಪ್ಪುನೇರಳೆ ತೋಟವಿದೆ, ಮಾವಿನ ತೋಪಿದೆ, ತೆಂಗಿದೆ, ರಾಗಿಯ ಹೊಲವಿದೆ. ಮಳೆಗಾಲದಲ್ಲಿ ಸಾಮಾನ್ಯ ಗಾಡಿ ಹೂತುಕೊಳ್ಳುವ ಕಡೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪು ಹೋಗಿ ಬರುತ್ತದೆ. ಆದ್ದರಿಂದ ಹಳೆಯದೊಂದು ಜೀಪನ್ನು ಕೊಂಡು, ಹಿಂಭಾಗದ ಮೇಲ್ಛಾವಣಿಯನ್ನೂ ಆಸನಗಳನ್ನೂ ತೆಗೆದು, ತೊಟ್ಟಿ ಕೂರಿಸಿ ಸಾಮಾನು ಗಾಡಿ ಮಾಡಿಕೊಳ್ಳೋಣವೆಂಬ ಯೋಚನೆ ಹಲವರಿಗೆ ಬರುವುದು ಸಹಜ. ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇದೆ, ಕೈಯಲ್ಲಿ ಕಸುಬು ಇದೆ, ಮನೆಯ ಮುಂದೆ ಜಾಗವಿದೆ. ಇನ್ನೇನು ತೊಂದರೆ ಎನ್ನಿಸಬಹುದು.

ಈ ಯೋಚನೆಯನ್ನು ತಪ್ಪೆಂದು ಹೇಳಲು ನಾನು ಬಂದಿಲ್ಲ. ಆದರೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ತಗಡು ಕತ್ತರಿಸುವುದು ಒಂದು ದಿನದ ಕೆಲಸ. ಹೊರೆ ಹೊರುವುದು ತಗಡಲ್ಲ. ಚಾಸಿ, ಕಮಾನ್ ಪಟ್ಟಿ, ಅಚ್ಚು, ಟೈರು ಮತ್ತು ಬ್ರೇಕು. ಇವುಗಳ ಜೊತೆಗೆ ರಸ್ತೆಯ ಮೇಲೆ ಹೊರೆ ಹೊರುವ ಇನ್ನೊಂದು ವಸ್ತುವಿದೆ, ಅದು ನಿಮ್ಮ ಆರ್.ಸಿ. ಮತ್ತು ವಿಮೆಯ ಕಾಗದ. ಇವುಗಳಲ್ಲಿ ಯಾವುದು ಸೋತರೂ ನಷ್ಟ ಮನೆಯವರದು.

ಇಂತಹ ಗಾಡಿ ಹುಟ್ಟಿದ ಬಗೆ

ಮುಂದೆ ಕುಟುಂಬ ಕೂರಲು ಕಾರಿನಂತಹ ಕೋಣೆ, ಹಿಂದೆ ಸಾಮಾನಿಗೆ ತೊಟ್ಟಿ ಇರುವ ಗಾಡಿಯನ್ನು ಆಸ್ಟ್ರೇಲಿಯಾದಲ್ಲಿ ‘ಯೂಟ್’ ಎಂದು ಕರೆಯುತ್ತಾರೆ. ಅಲ್ಲಿನ ವಿಕ್ಟೋರಿಯಾ ಪ್ರಾಂತದ ಒಬ್ಬ ರೈತ ಮಹಿಳೆ 1930ರ ದಶಕದ ಆರಂಭದಲ್ಲಿ ಫೋರ್ಡ್ ಕಾರ್ಖಾನೆಗೆ ಪತ್ರ ಬರೆದು, ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವ ಒಂದೇ ಗಾಡಿ ಬೇಕೆಂದು ಕೇಳಿದಳೆಂದು ಹೇಳುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಲ್ಯೂ ಬ್ಯಾಂಟ್ ಎಂಬ ಯುವಕ ಅದರ ನಕ್ಷೆ ಬರೆದ. 1934ರಲ್ಲಿ ಆ ಗಾಡಿ ಮಾರಾಟಕ್ಕೆ ಬಂತು. ಬೇಡಿಕೆ ರೈತರ ಮನೆಯದು, ಆದರೆ ಎಲ್ಲಿ ಬಲ ಕೊಡಬೇಕು, ಎಷ್ಟು ಹೊರೆ ಹೊರಿಸಬಹುದು ಎಂಬ ಲೆಕ್ಕ ಕಾರ್ಖಾನೆಯ ನಕ್ಷೆಗಾರನದು ಎಂಬುದನ್ನು ಗಮನಿಸಿ.

ಜೀಪಿನ ಕಥೆಯೂ ಹೀಗೆಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಜೀಪನ್ನು ‘ಕಾಲು ಟನ್ನಿನ ಟ್ರಕ್ಕು’ ಎಂದೇ ಲೆಕ್ಕಕ್ಕೆ ಹಿಡಿದಿತ್ತು. ಅವರ ಲೆಕ್ಕದ ಕಾಲು ಟನ್ನು ಎಂದರೆ ನಮ್ಮ ಸುಮಾರು 225 ಕಿಲೋಗ್ರಾಂ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಇದ್ದ ಅಂತರ 80 ಅಂಗುಲ. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಾರ್ಖಾನೆ ಮುಚ್ಚಿದ ಮೈಯ ಸ್ಟೇಷನ್ ವ್ಯಾಗನ್ ತಯಾರಿಸಿತು. ಅದರ ಅಚ್ಚುಗಳ ಅಂತರ ಸುಮಾರು 104 ಅಂಗುಲ. 1947ರಲ್ಲಿ ಅದೇ ಕಾರ್ಖಾನೆ ಪಿಕಪ್ ಟ್ರಕ್ಕನ್ನು ಹೊರತಂದಾಗ ಆ ಅಂತರವನ್ನು 118 ಅಂಗುಲಕ್ಕೆ ಏರಿಸಿತು. ವ್ಯಾಗನ್ನಿನ ಹಿಂಭಾಗ ಕತ್ತರಿಸಿ ತೊಟ್ಟಿ ಕೂರಿಸಿದರೆ ಸಾಕಾಗಿದ್ದರೆ ಅವರು ಉದ್ದನೆಯ ಚಾಸಿಗೆ ಹಣ ಹಾಕುತ್ತಿರಲಿಲ್ಲ. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ್ದೂ ಈ ವಿಲ್ಲಿಸ್ ಜೀಪುಗಳನ್ನೇ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಜೀಪುಗಳು ಬಹುಮಟ್ಟಿಗೆ ಆ ವಂಶದವು.

ಬಿಡದಿಯಲ್ಲಿಯೇ ಕಾಣುವ ಪಾಠ

ದೂರದ ಉದಾಹರಣೆ ಬೇಡವೆಂದರೆ ರಾಮನಗರಕ್ಕೆ ಹತ್ತಿರದ ಬಿಡದಿಗೆ ಬನ್ನಿ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ಗಾಡಿಯಿಂದ ಉತ್ಪಾದನೆ ಆರಂಭಿಸಿತು. ಮುಂದೆ ಅಲ್ಲಿ ಫಾರ್ಚೂನರ್ ಎಂಬ ಮುಚ್ಚಿದ ಮೈಯ ಗಾಡಿ ತಯಾರಾಯಿತು. 2022ರಲ್ಲಿ ಹೈಲಕ್ಸ್ ಎಂಬ ಪಿಕಪ್ ಬಂತು. ಇವೆರಡೂ ಒಂದೇ ಮನೆತನದ ಗಾಡಿಗಳು; ಎರಡಕ್ಕೂ ಏಣಿಯ ಆಕಾರದ ಚಾಸಿ ಇದೆ. ಆದರೂ ಫಾರ್ಚೂನರಿನ ಅಚ್ಚುಗಳ ಅಂತರ 2,745 ಮಿಲಿಮೀಟರ್, ಹೈಲಕ್ಸಿನದು 3,085 ಮಿಲಿಮೀಟರ್. ಅಂದರೆ ಒಂದು ಅಡಿಗಿಂತ ಹೆಚ್ಚು ಉದ್ದ. ಫಾರ್ಚೂನರಿನ ಹಿಂದಿನ ಅಚ್ಚಿಗೆ ಸುರುಳಿ ಸ್ಪ್ರಿಂಗು. ಹೈಲಕ್ಸಿಗೆ ಕಮಾನ್ ಪಟ್ಟಿ. ಒಂದು ಜನ ಕೂರುವ ಗಾಡಿ, ಇನ್ನೊಂದು ಹೊರೆ ಹೊರುವ ಗಾಡಿ. ತೊಟ್ಟಿಗಾಗಿ ಇಡೀ ಹಿಂಭಾಗದ ಲೆಕ್ಕವನ್ನೇ ಬದಲಾಯಿಸಿದ್ದಾರೆ. ಹೈಲಕ್ಸಿನ ಬೆಲೆ ಸಾಧಾರಣ ರೈತನ ಕೈಗೆ ಎಟುಕುವುದಲ್ಲ, ಅದು ಬೇರೆ ಮಾತು. ಪಾಠಕ್ಕೆ ಮಾತ್ರ ಬೆಲೆ ಕೊಡಬೇಕಾಗಿಲ್ಲ.

ಮೂಕಿ ಏಳಬಾರದು

ಎತ್ತಿನ ಗಾಡಿ ಹೂಡಿದವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ. ಗೊಬ್ಬರವನ್ನೆಲ್ಲ ಗಾಡಿಯ ಹಿಂಬದಿಗೆ ತುಂಬಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಹೊರೆಯನ್ನು ಅಚ್ಚಿನ ಮೇಲಕ್ಕೆ, ಸ್ವಲ್ಪ ಮುಂದಕ್ಕೆ ಎಳೆದು ಹಾಕಿದಾಗ ಗಾಡಿ ಹದವಾಗಿ ಹೋಗುತ್ತದೆ. ಜೀಪಿಗೂ ಇದೇ ನ್ಯಾಯ. ಜೀಪಿನ ಮೂಕಿ ಎಂದರೆ ಅದರ ಮುಂದಿನ ಎರಡು ಚಕ್ರಗಳು.

ಲೆಕ್ಕ ಮಾಡಿ ನೋಡೋಣ. ಅಚ್ಚುಗಳ ಅಂತರ 80 ಅಂಗುಲವಿರುವ ಜೀಪಿನಲ್ಲಿ, ಹಿಂದಿನ ಅಚ್ಚಿನಿಂದ 20 ಅಂಗುಲ ಹಿಂದಕ್ಕೆ 200 ಕಿಲೋ ಹೊರೆ ಇಟ್ಟರೆ, 200ನ್ನು 20ರಿಂದ ಗುಣಿಸಿ 80ರಿಂದ ಭಾಗಿಸಬೇಕು. ಉತ್ತರ 50 ಕಿಲೋ. ಅಷ್ಟು ಭಾರ ಮುಂದಿನ ಚಕ್ರಗಳ ಮೇಲಿಂದ ಎದ್ದುಹೋಗುತ್ತದೆ. ಹಿಂದಿನ ಅಚ್ಚಿನ ಮೇಲೆ ಬೀಳುವುದು 200 ಅಲ್ಲ, 250 ಕಿಲೋ. ತೊಟ್ಟಿಯನ್ನು ಇನ್ನೊಂದು ಅಡಿ ಹಿಂದಕ್ಕೆ ಚಾಚಿದರೆ ಈ ಲೆಕ್ಕ ಮತ್ತಷ್ಟು ಕೆಡುತ್ತದೆ. ಏರು ಹತ್ತುವಾಗ ಭಾರ ಇನ್ನೂ ಹಿಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳಿಗೆ ಭಾರವಿಲ್ಲದಿದ್ದರೆ ಸ್ಟೀರಿಂಗ್ ಹಗುರವಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ಸಾವನದುರ್ಗದ ಸುತ್ತಿನ ತಿರುವುಗಳಲ್ಲಾಗಲಿ, ಕನಕಪುರದಿಂದ ಸಂಗಮದ ಕಡೆಗಿನ ಇಳಿಜಾರಿನಲ್ಲಾಗಲಿ ಇದು ಎಷ್ಟು ಅಪಾಯವೆಂದು ನೀವೇ ಊಹಿಸಬಹುದು.

ಕಮಾನ್ ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಆಯಿತು ಎನ್ನುವವರಿದ್ದಾರೆ. ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ತಗ್ಗುವುದು ನಿಲ್ಲಬಹುದು. ಚಾಸಿಯ ಬಲ, ಅಚ್ಚಿನ ಬಲ, ಬ್ರೇಕಿನ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಗಾಡಿ ನೆಟ್ಟಗೆ ನಿಂತಿರುವುದನ್ನು ನೋಡಿ ಇನ್ನಷ್ಟು ಹೇರುವ ಆಸೆ ಹುಟ್ಟುತ್ತದೆ, ಅಷ್ಟೆ.

ನಿಮ್ಮ ಹೊರೆ ಯಾವುದು?

ಕೆಲಸ ಆರಂಭಿಸುವ ಮೊದಲು, ವರ್ಷದಲ್ಲಿ ಯಾವ ಯಾವ ಸಾಮಾನನ್ನು ಎಷ್ಟು ಸಲ ಸಾಗಿಸುತ್ತೀರಿ ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಕೆಲವು ತೂಕಗಳು ಇಲ್ಲಿವೆ:

ರೇಷ್ಮೆ ಗೂಡು: ನೂರು ಮೊಟ್ಟೆಯ ಬೆಳೆಗೆ ಒಳ್ಳೆಯ ಇಳುವರಿ ಬಂದರೆ 60ರಿಂದ 70 ಕಿಲೋ. ಜಾಗ ಹೆಚ್ಚು ಬೇಕು, ತೂಕ ಕಡಿಮೆ.

ಮಾವು: ಪ್ಲಾಸ್ಟಿಕ್ ಕ್ರೇಟಿಗೆ ಸುಮಾರು 20 ಕಿಲೋ. ಇಪ್ಪತ್ತು ಕ್ರೇಟು ಎಂದರೆ 400 ಕಿಲೋ.

ಹಾಲು: 40 ಲೀಟರಿನ ಕ್ಯಾನು ತುಂಬಿದರೆ ಕ್ಯಾನಿನ ತೂಕವೂ ಸೇರಿ 50 ಕಿಲೋಗೆ ಹತ್ತಿರ.

ಗೊಬ್ಬರ: ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ.

ಮರಳು: ಒಂದು ಘನ ಅಡಿಗೆ ಸುಮಾರು 45 ಕಿಲೋ.

ಕಲ್ಲು: ಒಂದು ಘನ ಅಡಿಗೆ ಸುಮಾರು 75 ಕಿಲೋ. ಆರು ಅಡಿ ಉದ್ದ, ಆರು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪದ ಒಂದು ಬೇಲಿ ಕಂಬ ಸರಿಯಾಗಿ ಒಂದು ಘನ ಅಡಿ. ಹತ್ತು ಕಂಬಕ್ಕೆ 750 ಕಿಲೋ.

ಈಗ ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಿ. ಅದರ ತುಂಬ ಗೂಡಿನ ಚೀಲ ಇಟ್ಟರೆ ಜೀಪಿಗೆ ಅದು ಹೊರೆಯೇ ಅಲ್ಲ. ಅದೇ ತೊಟ್ಟಿಯ ತುಂಬ ಮರಳು ಹಾಕಿದರೆ 900 ಕಿಲೋ. ತೊಟ್ಟಿ ಒಂದೇ, ಕಣ್ಣಿಗೆ ಕಾಣುವ ಅಳತೆಯೂ ಒಂದೇ. ಗಾಡಿಯ ಪಾಲಿಗೆ ಒಂದು ಹಗುರ, ಇನ್ನೊಂದು ಮೃತ್ಯು. ಆದ್ದರಿಂದ ತೊಟ್ಟಿ ತುಂಬಿತೋ ಇಲ್ಲವೋ ಎಂಬುದು ಹೊರೆಯ ಅಳತೆಯಾಗಬಾರದು, ತೂಕವೇ ಅಳತೆಯಾಗಬೇಕು.

ಗಾಡಿ ಎಷ್ಟು ಹೊರಬಲ್ಲದೆಂದು ತಿಳಿಯುವ ದಾರಿ ಸುಲಭ. ತಯಾರಕರ ಕೈಪಿಡಿಯಲ್ಲಿ ಹೊರೆಸಹಿತ ಒಟ್ಟು ತೂಕದ ಮಿತಿ ಇರುತ್ತದೆ. ಖಾಲಿ ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದು ಪೂರ್ತಿ ಒಮ್ಮೆ, ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಉದಾಹರಣೆಗಾಗಿ, ಮಿತಿ 1,800 ಕಿಲೋ ಎಂದೂ ಖಾಲಿ ಗಾಡಿ 1,250 ಕಿಲೋ ಎಂದೂ ಇಟ್ಟುಕೊಳ್ಳಿ. ಚಾಲಕನೂ ಪಕ್ಕದವನೂ ಸೇರಿ 130, ಇಂಧನ ಮತ್ತು ಸಲಕರಣೆ 50. ಉಳಿಯುವುದು 370 ಕಿಲೋ. ನೀವು ಕೂರಿಸುವ ತೊಟ್ಟಿಯ ತೂಕವನ್ನೂ ಇದರಲ್ಲಿಯೇ ಕಳೆಯಬೇಕು. ಗಾಡಿ ಹಳೆಯದಾದಷ್ಟೂ ಈ ಮಿತಿಗಿಂತ ಕೆಳಗೇ ನಿಲ್ಲುವುದು ಜಾಣತನ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದು. ಗಾಡಿಯ ರಚನೆಯನ್ನು ಬದಲಿಸಿ ಅದರ ಮೂಲ ಲಕ್ಷಣವೇ ಬೇರೆಯಾಗುವುದನ್ನು ಕಾಯಿದೆ ಮಾರ್ಪಾಟು ಎಂದು ಕರೆಯುತ್ತದೆ. ಮುಚ್ಚಿದ ಮೈಯ ಜೀಪನ್ನು ಕತ್ತರಿಸಿ ತೊಟ್ಟಿ ಗಾಡಿ ಮಾಡುವುದು ಈ ಮಾತಿನೊಳಗೇ ಬರುತ್ತದೆ. 2019ರ ಜನವರಿ 9ರಂದು, ಕೇರಳದಿಂದ ಹೋಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಇನ್ನೂ ಒಂದು ಅಂಶವಿದೆ. ಸಾಮಾನಿಗೆಂದು ತಯಾರಾಗದ ಗಾಡಿಯನ್ನು ಸಾಮಾನು ಸಾಗಿಸಲು ಬಳಸಿದರೆ ಅದನ್ನೂ ಸರಕು ವಾಹನವೆಂದೇ ಕಾಯಿದೆ ಪರಿಗಣಿಸುತ್ತದೆ. ಸ್ವಂತ ಬಳಕೆಗೆ ನೋಂದಣಿಯಾದ ಜೀಪಿನಲ್ಲಿ ಬಾಡಿಗೆಗೆ ಸಾಮಾನು ಸಾಗಿಸುವ ಯೋಚನೆಯನ್ನು ಬಿಟ್ಟೇಬಿಡಿ. ನಿಮ್ಮ ಸ್ವಂತ ಬೆಳೆಯನ್ನು ಒಯ್ಯುವುದಾದರೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ನಮ್ಮ ಭಾಗದ ಗಾಡಿಗಳಿಗೆ ಕೆಎ-42 ಸಂಖ್ಯೆ ಕೊಡುವ ರಾಮನಗರದ ಕಚೇರಿ ದೂರವೇನಲ್ಲ. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಬ್ಯಾಂಕಿನ ಸಾಲ ಗಾಡಿಯ ಮೇಲಿದ್ದರೆ ಬ್ಯಾಂಕಿನವರಿಗೂ ತಿಳಿಸಿ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹಳೆಯ ಜೀಪು ಕೊಳ್ಳುವವರು ಈ ನವೀಕರಣ ಆಗಿದೆಯೇ ಎಂದು ಮೊದಲು ನೋಡಬೇಕು. ಕತ್ತರಿಸಿದ ಗಾಡಿ ಆ ತಪಾಸಣೆಯಲ್ಲಿಯೇ ಸಿಕ್ಕಿಬೀಳುತ್ತದೆ.

“ನಮ್ಮೂರಿನಲ್ಲಿ ಎಷ್ಟೋ ಜನ ಕತ್ತರಿಸಿದ್ದಾರೆ, ಯಾರೂ ಕೇಳಿಲ್ಲ” ಎಂದು ನೀವು ಹೇಳಬಹುದು. ಯಾರೂ ಕೇಳದಿರುವುದು ಅಪಘಾತ ಆಗುವವರೆಗೆ ಮಾತ್ರ. ಅಪಘಾತವಾದ ದಿನ ವಿಮಾ ಸಂಸ್ಥೆಯ ತಪಾಸಣೆಗಾರ ಬಂದು ಆರ್.ಸಿ.ಯನ್ನೂ ಗಾಡಿಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಎರಡೂ ಹೊಂದದಿದ್ದರೆ ಪರಿಹಾರದ ಹೊಣೆ ಗಾಡಿಯ ಮಾಲೀಕನ ತಲೆಯ ಮೇಲೆ, ಅಂದರೆ ಜಮೀನಿನ ಮೇಲೆ ಬರುವ ಭಯವಿದೆ. ನಾಲ್ಕು ಕ್ರೇಟು ಹೆಚ್ಚು ಒಯ್ಯುವ ಆಸೆಗೆ ನಾಲ್ಕು ಎಕರೆಯನ್ನು ಪಣಕ್ಕಿಡುವುದು ಲಾಭದ ವ್ಯವಹಾರವಲ್ಲ.

ಕತ್ತರಿಸದೆ ಮಾಡಿಕೊಳ್ಳುವ ಕ್ರಮ

ಹಾಗಾದರೆ ಹಳೆಯ ಜೀಪಿನಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಮೈಯನ್ನು ಕತ್ತರಿಸದೆ, ಆಸನಗಳನ್ನು ಕಳೆದುಹಾಕದೆ, ಬೇಕಾದಾಗ ಕೂರಿಸಿ ಬೇಡವಾದಾಗ ಎತ್ತಿಡುವ ತೊಟ್ಟಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೇಲೆ ಹೇಳಿದಂತೆ ಕಚೇರಿಯಲ್ಲಿ ವಿಚಾರಿಸಿಕೊಂಡ ನಂತರ ಕೆಳಗಿನ ಕ್ರಮವನ್ನು ಅನುಸರಿಸಿರಿ.

1. ಚಾಸಿ ಪರೀಕ್ಷೆ: ಗಾಡಿಯನ್ನು ತೊಳೆದು, ಕೆಳಗಿನ ಮಣ್ಣನ್ನೆಲ್ಲ ಕೆರೆದು ತೆಗೆಯಿರಿ. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣದ ದನಿ ಸ್ಪಷ್ಟವಾಗಿರುತ್ತದೆ. ತುಕ್ಕು ತಿಂದ ಕಡೆ ದನಿ ಸತ್ತಂತೆ ಕೇಳುತ್ತದೆ. ಕಮಾನ್ ಪಟ್ಟಿಯ ಕೊಂಡಿಗಳು ಚಾಸಿಗೆ ಸೇರುವ ಜಾಗ, ಅಡ್ಡಪಟ್ಟಿಗಳ ಮೂಲೆ, ಮೈಯನ್ನು ಹಿಡಿದಿರುವ ರಬ್ಬರಿನ ಜಾಗ, ಇವನ್ನು ಮುಖ್ಯವಾಗಿ ನೋಡಿ. ಬಿರುಕು ಕಂಡರೆ ತೊಟ್ಟಿಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ನುರಿತವರಿಂದ ಚಾಸಿಯ ಕೆಲಸ ಮುಗಿಸಿ.

2. ಬ್ರೇಕು ಮತ್ತು ಟೈರು: ನಾಲ್ಕೂ ಡ್ರಮ್ಮು ಬಿಚ್ಚಿಸಿ ಲೈನಿಂಗು, ಸಿಲಿಂಡರು, ಎಣ್ಣೆಯ ಕೊಳವೆ ಪರೀಕ್ಷಿಸಿ. ಕೈಬ್ರೇಕು ಇಳಿಜಾರಿನಲ್ಲಿ ಹೊರೆಸಹಿತ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಟೈರಿನ ಹಲ್ಲು ಸವೆದಿದ್ದರೆ ಮೊದಲ ಹಣ ಟೈರಿಗೆ, ಉಳಿದದ್ದು ತೊಟ್ಟಿಗೆ.

3. ಅಳತೆ: ಹಿಂದಿನ ಬದಿಯ ಆಸನಗಳು ಮಡಚುವಂತಹವಾಗಿದ್ದರೆ ಮಡಚಿ, ಒಳಗಿನ ಉದ್ದ, ಚಕ್ರದ ಗೂಡುಗಳ ನಡುವಿನ ಅಗಲ ಮತ್ತು ಗೂಡುಗಳ ಎತ್ತರವನ್ನು ಅಳೆಯಿರಿ. ಹಿಂದಿನ ಅಚ್ಚು ಎಲ್ಲಿ ಬರುತ್ತದೆಂದು ಒಳಬದಿಯಲ್ಲಿ ಬಣ್ಣದ ಗೆರೆ ಎಳೆಯಿರಿ. ಭಾರದ ಸಾಮಾನು ಯಾವಾಗಲೂ ಆ ಗೆರೆಯ ಮೇಲೆ ಇಲ್ಲವೇ ಅದರ ಮುಂದೆ ಬರಬೇಕು.

4. ಸಾಮಗ್ರಿ: ತೊಟ್ಟಿಯ ಒಂದೊಂದು ಕಿಲೋವೂ ನಿಮ್ಮ ಹೊರೆಯಿಂದ ಕಡಿತವಾಗುತ್ತದೆ. 3 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 23.5 ಕಿಲೋ, 18 ಮಿ.ಮೀ. ಪ್ಲೈವುಡ್ ಸುಮಾರು 12 ಕಿಲೋ. ಐದು ಅಡಿಗೆ ನಾಲ್ಕು ಅಡಿಯ ತಳಕ್ಕೆ ಉಕ್ಕಾದರೆ 44 ಕಿಲೋ, ಪ್ಲೈವುಡ್ ಆದರೆ 22 ಕಿಲೋ. ಗೂಡು, ಸೊಪ್ಪು, ಹಣ್ಣು ಸಾಗಿಸಲು ನೀರು ತಡೆಯುವ ಪ್ಲೈವುಡ್ ಸಾಕು. ಅಂಚಿಗೆ 40 ಮಿ.ಮೀ. ಆಂಗಲ್ ಹಾಕಿದರೆ ಮೀಟರಿಗೆ 3 ಕಿಲೋ ತೂಕವಾಗುತ್ತದೆ. ಅದನ್ನು ಬೇಕಾದ ಕಡೆ ಮಾತ್ರ ಹಾಕಿ.

5. ಚೌಕಟ್ಟು: ತೊಟ್ಟಿಯ ಚೌಕಟ್ಟನ್ನು ಗಾಡಿಯ ಹೊರಗೆ, ನೆಲದ ಮೇಲೆ ಇಟ್ಟು ಪೂರ್ತಿ ಬೆಸೆಯಿರಿ, ಬಣ್ಣ ಬಳಿದ ಮೇಲೆ ಗಾಡಿಗೆ ಕೂರಿಸಿ. ಗಾಡಿಯ ಮೇಲೆ ವೆಲ್ಡಿಂಗ್ ಮಾಡಲೇಬೇಕಾದ ದುರಸ್ತಿ ಬಂದರೆ ಬ್ಯಾಟರಿಯ ತಂತಿ ಬಿಚ್ಚಿ, ಇಂಧನದ ಟ್ಯಾಂಕನ್ನು ಕಳಚಿ ದೂರ ಇಡಿ. ಹಳೆಯ ಮಾದರಿಯ ಜೀಪುಗಳಲ್ಲಿ ಟ್ಯಾಂಕು ಚಾಲಕನ ಆಸನದ ಕೆಳಗೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ. ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿ.

6. ಕೂರಿಸುವುದು: ತೊಟ್ಟಿಯನ್ನು ಆಸನದ ಹಳೆಯ ಬೋಲ್ಟುಗಳ ತೂತಿಗೇ ಬಿಗಿಯಿರಿ. ಚಾಸಿಯ ಮೇಲಂಚಿಗಾಗಲಿ ಕೆಳಂಚಿಗಾಗಲಿ ಹೊಸ ತೂತು ಕೊರೆಯಬಾರದು, ಅಲ್ಲಿ ಏನನ್ನೂ ಬೆಸೆಯಬಾರದು. ಹೊರೆ ಬಿದ್ದಾಗ ಚಾಸಿಯ ಎಳೆತವೆಲ್ಲ ಆ ಅಂಚುಗಳಲ್ಲಿರುತ್ತದೆ. ಬಿರುಕು ಹುಟ್ಟುವುದೂ ಅಂತಹ ತೂತುಗಳಿಂದಲೇ.

7. ತಡಿಕೆ: ಚಾಲಕನ ಬೆನ್ನ ಹಿಂದೆ ಗಟ್ಟಿಯಾದ ಕಬ್ಬಿಣದ ತಡಿಕೆ ಕಡ್ಡಾಯ. ಥಟ್ಟನೆ ಬ್ರೇಕು ಹಾಕಿದಾಗ ಹಿಂದಿನ ಚೀಲವೋ ಕ್ಯಾನೋ ಮುಂದಕ್ಕೆ ಚಿಮ್ಮುತ್ತದೆ. ಹಗ್ಗ ಕಟ್ಟಲು ತೊಟ್ಟಿಯ ಎರಡೂ ಬದಿಗೆ ಮೂರು ಮೂರು ಕೊಂಡಿ ಇರಲಿ.

8. ದೀಪ ಮತ್ತು ನಂಬರು: ಹೊರೆಯಾಗಲಿ ಟಾರ್ಪಾಲಾಗಲಿ ಹಿಂದಿನ ದೀಪವನ್ನೂ ನಂಬರ್ ಫಲಕವನ್ನೂ ಮುಚ್ಚಬಾರದು. ಯಾವ ಸಾಮಾನೂ ಗಾಡಿಯ ಮೈಯಿಂದ ಹೊರಕ್ಕೆ ಚಾಚಬಾರದು.

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ತೂಗಿಸಿ. ಎಷ್ಟು ಕಿಲೋ ಹೊರೆ ಉಳಿಯಿತೆಂದು ತೊಟ್ಟಿಯ ಒಳಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಗಾಡಿಯನ್ನು ನೀವೇ ಓಡಿಸಿದರೂ ಹೊರೆ ಹೇರುವವರು ಬೇರೆಯವರಿರುತ್ತಾರೆ. ಆ ಬರಹ ಅವರಿಗಾಗಿ.

ಹೇರುವ ಮತ್ತು ಓಡಿಸುವ ಹದ

ಗೂಡಿನೊಳಗಿನ ಹುಳು ಮಾರುಕಟ್ಟೆ ತಲಪುವವರೆಗೂ ಜೀವಂತವಾಗಿರುತ್ತದೆ. ಮಿಶ್ರತಳಿಯ ಗೂಡನ್ನು ಐದಾರನೆಯ ದಿನ, ದ್ವಿತಳಿಯದನ್ನು ಏಳೆಂಟನೆಯ ದಿನ ಬಿಡಿಸಿ, ಗಾಳಿಯಾಡುವ ಚೀಲಗಳಲ್ಲಿ ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ಸಾಗಿಸಿ. ಚೀಲದ ಮೇಲೆ ಚೀಲ ಒತ್ತಿ ಪೇರಿಸಿದರೆ ಹುಳು ಜಜ್ಜಿ ಗೂಡಿಗೆ ಕಲೆ ಹತ್ತುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ. ತೊಟ್ಟಿಯ ನಡುವೆ ತೆಗೆದಿಡುವಂತಹ ಒಂದು ಅಟ್ಟಣೆ ಮಾಡಿಕೊಂಡರೆ ಎರಡು ಸಾಲು ಚೀಲವನ್ನು ಒತ್ತಡವಿಲ್ಲದೆ ಇಡಬಹುದು. ಹೊರೆ ಹೆಚ್ಚಿಸುವ ಮಾರ್ಪಾಟಿಗಿಂತ ಗೂಡಿನ ಗುಣ ಉಳಿಸುವ ಇಂತಹ ಅಟ್ಟಣೆಯಿಂದ ಬರುವ ಲಾಭವೇ ಹೆಚ್ಚು.

ಹುಳುಗಳು ಐದನೆಯ ಹಂತದಲ್ಲಿ ಒಟ್ಟು ಸೊಪ್ಪಿನ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ತಿನ್ನುತ್ತವೆ. ಆ ಒಂದು ವಾರ ಗಾಡಿಗೆ ಬಿಡುವಿಲ್ಲ. ಸೊಪ್ಪನ್ನು ಬೆಳಿಗ್ಗೆ ಇಲ್ಲವೇ ಸಂಜೆ ಕೊಯ್ದು, ಒದ್ದೆ ಗೋಣಿತಾಟು ಹೊದಿಸಿ ತನ್ನಿ. ಸೊಪ್ಪು ಸಾಗಿಸುವ ತೊಟ್ಟಿಯಲ್ಲಿ ಕೀಟನಾಶಕದ ಡಬ್ಬಿಯನ್ನಾಗಲಿ ಡೀಸೆಲ್ ಕ್ಯಾನನ್ನಾಗಲಿ ಇಡಬೇಡಿ. ತೊಟ್ಟಿಯ ಹಲಗೆಗೆ ಅಂಟಿದ ವಿಷ ಇಡೀ ಬೆಳೆಯನ್ನೇ ತೆಗೆದುಬಿಡಬಹುದು.

ನಾಲ್ಕು ಚಕ್ರದ ಎಳೆತವನ್ನು ಕೆಸರು, ಮರಳು, ಸಡಿಲ ಕಲ್ಲಿನ ದಾರಿಯಲ್ಲಿ ಮಾತ್ರ ಹಾಕಿ. ಹಳೆಯ ಜೀಪುಗಳಲ್ಲಿ ಅದನ್ನು ಟಾರು ರಸ್ತೆಯ ಮೇಲೆ ಹಾಕಿ ಓಡಿಸಿದರೆ ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ. ಕಡಿದಾದ ಇಳಿಜಾರನ್ನು ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಗಾಡಿ ಉರುಳುವ ದೂರ ನಾಲ್ಕು ಪಟ್ಟು ಆಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಟ್ರಾಕ್ಟರಿಗೂ ದ್ವಿಚಕ್ರ ವಾಹನಕ್ಕೂ ಪ್ರವೇಶ ನಿಷೇಧಿಸಲಾಯಿತು. ಜೀಪಿಗೆ ಆ ನಿಷೇಧವಿಲ್ಲದಿದ್ದರೂ ಹೊರೆ ಹೊತ್ತ ಹಳೆಯ ಜೀಪಿಗೆ ಅಲ್ಲಿನ ವೇಗ ಸಲ್ಲದು. ಚನ್ನಪಟ್ಟಣದಿಂದ ರಾಮನಗರಕ್ಕೆ ಪಕ್ಕದ ರಸ್ತೆಯಲ್ಲಿ ಬಂದರೆ ಕಳೆದುಕೊಳ್ಳುವುದು ಕೆಲವು ನಿಮಿಷ ಮಾತ್ರ.

ಹೊರೆಯ ಮೇಲೆ ಜನ ಬೇಡ

ಇದನ್ನು ಒತ್ತಿ ಹೇಳಬೇಕಾಗಿದೆ. ಮಾವು ಕೊಯ್ಲಿನ ಸಂಜೆ ಕ್ರೇಟುಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ. ಹೊರೆಯ ಮೇಲೆ ಕೂತವರಿಗೆ ಹಿಡಿಯಲು ಏನೂ ಇರುವುದಿಲ್ಲ. ಗಾಡಿಯ ಭಾರ ಮೇಲಕ್ಕೆ ಏರಿ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಸರಕು ಗಾಡಿಯಲ್ಲಿ ಸಾಮಾನಿನ ಒಡೆಯನಿಗೆ ಅಥವಾ ಅವನ ಪರವಾಗಿ ಬಂದವನಿಗೆ ಕಾಯಿದೆಯಂತೆ ವಿಮೆಯ ರಕ್ಷಣೆಯುಂಟು. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಆ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ದಿನವಿಡೀ ನಮ್ಮ ತೋಟದಲ್ಲಿ ದುಡಿದವರನ್ನು ರಾತ್ರಿ ಕ್ಷೇಮವಾಗಿ ಅವರ ಮನೆ ಸೇರಿಸುವುದು ತೋಟದ ಒಡೆಯನ ಧರ್ಮ. ಮೊದಲ ಸುತ್ತಿಗೆ ಹೊರೆ ಒಯ್ಯಿರಿ. ಎರಡನೆಯ ಸುತ್ತಿಗೆ ತೊಟ್ಟಿ ಎತ್ತಿಟ್ಟು, ಆಸನ ಬಿಡಿಸಿ, ಆರ್.ಸಿ.ಯಲ್ಲಿ ಬರೆದಷ್ಟೇ ಜನರನ್ನು ಕೂರಿಸಿಕೊಂಡು ಬನ್ನಿ. ತೊಟ್ಟಿಯನ್ನು ಕಳಚುವಂತೆ ಮಾಡಿ ಎಂದು ಹೇಳಿದ್ದರ ಇನ್ನೊಂದು ಕಾರಣ ಇದೇ.

ಇತರ ದಾರಿಗಳು

ಕಲ್ಲು, ಮರಳು, ಗೊಬ್ಬರ ಇವೇ ನಿಮ್ಮ ಮುಖ್ಯ ಹೊರೆಯಾದರೆ ಜೀಪಿನ ಯೋಚನೆ ಬೇಡ. ಅವು ಟ್ರಾಕ್ಟರಿನ ಟ್ರೈಲರಿಗೆ ಸೇರಿದವು. ವಾರದಲ್ಲಿ ಹಲವು ದಿನ ಮಾರುಕಟ್ಟೆಗೆ ಹೋಗುವವರು ಕಾರ್ಖಾನೆಯಿಂದಲೇ ಪಿಕಪ್ಪಾಗಿ ಬಂದ, ಸರಕು ವಾಹನವೆಂದೇ ನೋಂದಣಿಯಾದ ಹಳೆಯ ಗಾಡಿಯನ್ನು ನೋಡಬಹುದು. ಹೊರೆಸಹಿತ ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಕಾಯಿದೆಯ 66ನೆಯ ಪ್ರಕರಣದಂತೆ ಪರ್ಮಿಟ್ಟು ಬೇಕಿಲ್ಲ, ಎಫ್.ಸಿ., ವಿಮೆ, ತೆರಿಗೆ ಬೇಕು. ಒಬ್ಬರಿಗೆ ಭಾರವಾದರೆ ಮೂರು ನಾಲ್ಕು ಮನೆಯವರು ಸೇರಿ, ಒಬ್ಬರ ಹೆಸರಿನಲ್ಲಿ ಕೊಂಡು, ಖರ್ಚು ಹಂಚಿಕೊಳ್ಳುವ ಬಗ್ಗೆ ಯೋಚಿಸಬಹುದು.

“ರಸ್ತೆಗೆ ತರುವುದಿಲ್ಲ, ತೋಟದೊಳಗೆ ಮಾತ್ರ ಓಡಿಸುತ್ತೇನೆ” ಎಂದು ಕತ್ತರಿಸಲು ಹೊರಡುವವರೂ ಎರಡು ಸಲ ಯೋಚಿಸಲಿ. ನಮ್ಮ ಜಮೀನುಗಳು ತುಂಡುತುಂಡು. ಒಂದು ತಾಕಿನಿಂದ ಇನ್ನೊಂದಕ್ಕೆ ಹೋಗಲು ಊರ ರಸ್ತೆ ದಾಟಲೇಬೇಕು. ದಾಟಿದ ಗಳಿಗೆಯಿಂದ ಅದು ಸಾರ್ವಜನಿಕ ಸ್ಥಳ, ಅಲ್ಲಿ ಕಾಯಿದೆ ಪೂರ್ತಿ ಅನ್ವಯಿಸುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ನಿಮ್ಮ ಗ್ರಾಮದಲ್ಲಿ ಯಾರಾದರೂ ಇಂತಹ ಕೆಲಸಕ್ಕೆ ಕೈಹಾಕಿದ್ದು ಕಂಡರೆ ಬೇಡವೆಂದು ಬೈದು ಬರಬೇಡಿ. ಅವರ ಜೊತೆ ಕೂತು ಹೊರೆಯ ಪಟ್ಟಿ ಬರೆಸಿ, ವೇಬ್ರಿಡ್ಜಿಗೆ ಜೊತೆಯಲ್ಲಿ ಹೋಗಿ. ತೂಕದ ಚೀಟಿ ಕೈಗೆ ಬಂದ ಮೇಲೆ ನೂರು ಮಾತು ಹೇಳುವ ಅಗತ್ಯವಿರುವುದಿಲ್ಲ.

ಕೊನೆಯದಾಗಿ ಹೇಳಿದ್ದನ್ನು ಸಂಗ್ರಹಿಸುತ್ತೇನೆ. ಮೊದಲು ಹೊರೆಯ ಪಟ್ಟಿ ಮಾಡಿ, ಆಮೇಲೆ ಗಾಡಿಯನ್ನು ತೂಗಿಸಿ. ಚಾಸಿ, ಬ್ರೇಕು, ಟೈರು ಸರಿಯಾದ ಮೇಲೆಯೇ ತೊಟ್ಟಿ. ತೊಟ್ಟಿ ಕಳಚುವಂತಿರಲಿ, ಮೈ ಕತ್ತರಿಸುವುದು ಬೇಡ. ಭಾರ ಅಚ್ಚಿನ ಹಿಂದಕ್ಕೆ ಹೋಗದಿರಲಿ. ಹೊರೆಯ ಮೇಲೆ ಮನುಷ್ಯರು ಬೇಡ. ಆರ್.ಸಿ.ಯಲ್ಲಿ ಬರೆದದ್ದಕ್ಕೂ ರಸ್ತೆಯ ಮೇಲೆ ನಿಂತ ಗಾಡಿಗೂ ವ್ಯತ್ಯಾಸ ಇರಕೂಡದು. ಇಷ್ಟನ್ನು ಪಾಲಿಸಿದರೆ ನಿಮ್ಮ ಹಳೆಯ ಜೀಪು ಇನ್ನೂ ಹಲವು ಬೆಳೆ ಗೂಡನ್ನು, ಹಲವು ಸುಗ್ಗಿಯ ಮಾವನ್ನು ಮಾರುಕಟ್ಟೆ ಮುಟ್ಟಿಸೀತು.